ಅಟ್ಟದಲ್ಲಿ ಅಳಿಲು: ಮೊದಲು ಹೊರಗೆ ಕಳಿಸಿ, ಆಮೇಲೆ ಕಿಂಡಿ ಮುಚ್ಚಿ

ಬೆಳಗಾಗುತ್ತಲೇ ಅಟ್ಟದಲ್ಲಿ ಓಡಾಟ ಶುರು, ಸೂರಿನ ಕೆಳಗಿನ ಕಿಂಡಿಗೆ ತುಂಬಿದ ಫೋಮ್ ಎರಡೇ ದಿನದಲ್ಲಿ ಪುಡಿಪುಡಿ, ನಾಫ್ತಲಿನ್ ಗುಳಿಗೆ ಇಟ್ಟರೂ ಜಗ್ಗಲಿಲ್ಲ, ವೈರನ್ನೂ ಕಡಿದಿದೆ ಎಂದು ಬರೆದಿದ್ದೀರಿ. ಸಿಮೆಂಟ್ ಮೆತ್ತಿ ಮುಚ್ಚಿಬಿಡಿ ಎಂದು ಮೇಲೆ ಒಂದಿಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಈಗಲೇ ಮುಚ್ಚಬೇಡಿ. ಅಳಿಲು ಒಳಗಿದ್ದಾಗ ಮುಚ್ಚಿದರೆ ಅದು ಮರ, ವೈರು, ಸೀಲಿಂಗ್ ಏನು ಸಿಕ್ಕರೂ ಕಡಿದು ದಾರಿ ಮಾಡಿಕೊಳ್ಳಲು ನೋಡುತ್ತದೆ. ತಾಯಿ ಹೊರಗೆ, ಮರಿಗಳು ಒಳಗೆ ಇದ್ದಾಗ ಮುಚ್ಚಿದರಂತೂ ಇನ್ನೂ ಕೆಟ್ಟದ್ದು: ತಾಯಿ ಪಕ್ಕದಲ್ಲೇ ಹೊಸ ತೂತು ಕೊರೆಯುತ್ತದೆ. ಅದು ಒಳಗೆ ಹೋಗಲಾಗದಿದ್ದರೆ ಮರಿಗಳು ಅಲ್ಲೇ ಸಾಯುತ್ತವೆ, ವಾರಗಟ್ಟಲೆ ನಾತ, ನೊಣ. ಅಳಿಲಿನ ವಿಷಯದಲ್ಲಿ ಕೆಲಸ ಕೆಡುವುದು ಬಹುತೇಕ ಸಾಮಾನಿನಿಂದಲ್ಲ, ಯಾವುದನ್ನು ಯಾವಾಗ ಮುಚ್ಚಿದಿರಿ ಎನ್ನುವುದರಿಂದ.

ಮೊದಲು ಅದು ಅಳಿಲೇ ಹೌದಾ ನೋಡಿಕೊಳ್ಳಿ. ಹಾರುವ ಅಳಿಲನ್ನು ಬಿಟ್ಟರೆ ಅಳಿಲುಗಳೆಲ್ಲ ಹಗಲು ಓಡಾಡುವ ಪ್ರಾಣಿಗಳು. ಬೆಳಗ್ಗೆ ಮತ್ತು ಸಂಜೆಗೆ ಮುಂಚೆ ಸದ್ದು ಜೋರು, ರಾತ್ರಿ ನಿಶ್ಶಬ್ದ. ರಾತ್ರಿ ಹನ್ನೊಂದರ ಮೇಲೆ ಪರಪರ ಅಂದರೆ ಹೆಚ್ಚಾಗಿ ಇಲಿ, ಅದರ ಉಪಾಯವೇ ಬೇರೆ. ನಡುಮಧ್ಯಾಹ್ನ ಅಟ್ಟಕ್ಕೆ ಹತ್ತಿ, ಟಾರ್ಚ್ ಆರಿಸಿ ಐದು ನಿಮಿಷ ಸುಮ್ಮನೆ ಕೂತರೆ ಎಲ್ಲೆಲ್ಲಿ ಬೆಳಕು ಬರುತ್ತಿದೆ ಎಂದು ತಾನೇ ಕಾಣುತ್ತದೆ. ಒಂದೊಂದನ್ನೂ ಸೀಮೆಸುಣ್ಣದಿಂದ ಗುರುತು ಮಾಡಿ. ಓಡಾಟವಿರುವ ಕಿಂಡಿಯ ಅಂಚು ಮೈ ಉಜ್ಜಿ ಉಜ್ಜಿ ಜಿಡ್ಡುಗಟ್ಟಿ ಕಪ್ಪಾಗಿರುತ್ತದೆ, ಅದಕ್ಕೆ ಒಂದೆರಡು ಕೂದಲು ಅಂಟಿರುತ್ತವೆ. ಮರ ಕಡಿದಿದ್ದರೆ ಹೊಸ ಗಾಯ ಬೆಳ್ಳಗೆ, ಹಳೆಯದು ಮಾಸಲು. ಚಿಕ್ಕ ಪಟ್ಟೆ ಅಳಿಲಿಗೆ ಸುಮಾರು ಒಂದಿಂಚಿನ ಸಂದು ಸಾಕು, ದೊಡ್ಡ ಜಾತಿಯದ್ದಕ್ಕೆ ಒಂದೂವರೆ ಇಂಚು. ಅನುಮಾನವಿರುವ ಕಿಂಡಿಗೆ ಹಳೆಯ ಪತ್ರಿಕೆಯನ್ನು ಮುದ್ದೆ ಮಾಡಿ ಸಡಿಲವಾಗಿ ತುರುಕಿ. ಬಿಸಿಲಿರುವ ಮೂರು ದಿನ ಅದು ಅಲುಗದಿದ್ದರೆ ಆ ಕಿಂಡಿ ಬಳಕೆಯಲ್ಲಿಲ್ಲ.

ಇನ್ನು ಮರಿಗಳ ವಿಚಾರ, ಇಲ್ಲಿ ಆತುರ ಬೇಡ. ಹುಟ್ಟಿದಾಗ ಮರಿಗಳಿಗೆ ಕೂದಲಿರುವುದಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ತಾಯಿಯನ್ನು ಬಿಟ್ಟು ತಿರುಗಲು ಸುಮಾರು ಹತ್ತು ವಾರ ಬೇಕು. ತಾಯಿ ಹೊರಗೆ ಹೋದ ಹೊತ್ತಿನಲ್ಲಿ ಗೂಡಿನ ಹತ್ತಿರ ಕಿವಿಗೊಟ್ಟರೆ ಸಣ್ಣ ಕೀಚಲು ದನಿ ಕೇಳುತ್ತದೆ. ಕಿಂಡಿಯಿಂದ ಹೊರಬರುವ ಅಳಿಲನ್ನು ದೂರದಿಂದ ಬೈನಾಕ್ಯುಲರ್‌ನಲ್ಲೋ ಫೋನಿನ ಜೂಮ್‌ನಲ್ಲೋ ನೋಡಿ: ಹೊಟ್ಟೆಯ ಮೇಲೆ ಮೊಲೆತೊಟ್ಟು ಎದ್ದು ಕಾಣುತ್ತಿದ್ದು ಸುತ್ತ ಕೂದಲು ಉದುರಿದ್ದರೆ ಹಾಲೂಡುತ್ತಿದೆ ಎಂದೇ ಅರ್ಥ. ಹಾಗಿದ್ದರೆ ಎರಡು ದಾರಿ. ಕೆಲವು ವಾರ ತಡೆದುಕೊಂಡು ಮರಿಗಳು ತಾವೇ ಓಡಾಡತೊಡಗಿದ ಮೇಲೆ ಕೆಲಸ ಶುರು ಮಾಡುವುದು ಒಂದು. ವೈರು ಕಡಿದಿರುವುದರಿಂದ ಕಾಯಲಾಗದು ಎಂದಾದರೆ ಗೂಡಿನ ಹತ್ತಿರ ಒಂದು ಎಲ್‌ಇಡಿ ದೀಪ, ಮಾತಿನ ಕಾರ್ಯಕ್ರಮ ಹಾಕಿದ ರೇಡಿಯೊ ಇಟ್ಟು ಎರಡು ಮೂರು ದಿನ ಬಿಡುವುದು ಇನ್ನೊಂದು. ಅಳಿಲಿಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಗೂಡಿರುತ್ತದೆ. ಕಿರಿಕಿರಿಯಾದರೆ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾಗಿಸುತ್ತದೆ. ಆ ದಿನಗಳಲ್ಲಿ ಪದೇಪದೇ ಅಟ್ಟ ಹತ್ತಿ ಇಣುಕಬೇಡಿ, ದಾರಿಗೆ ಅಡ್ಡ ನಿಲ್ಲಬೇಡಿ. ಮರಿ ಕೆಳಗೆ ಬಿದ್ದು ಸಿಕ್ಕರೆ ಕೈಗವಸು ಹಾಕಿ ಎತ್ತಿ, ಬಟ್ಟೆ ಹಾಸಿದ ತೆರೆದ ಡಬ್ಬಿಯಲ್ಲಿಟ್ಟು ಕಿಂಡಿಯ ಹತ್ತಿರವೇ ನೆರಳಿನಲ್ಲಿಡಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಮುಟ್ಟುವುದಿಲ್ಲ ಎನ್ನುವುದು ಸುಳ್ಳು. ಹಾಲು, ನೀರು ಏನನ್ನೂ ಹುಯ್ಯಬೇಡಿ. ಕತ್ತಲಾದರೂ ತಾಯಿ ಒಯ್ಯದಿದ್ದರೆ ವನ್ಯಜೀವಿ ರಕ್ಷಣೆಯವರಿಗೆ ತಿಳಿಸಿ.

ಮರಿಗಳಿಲ್ಲ ಎಂದು ಖಾತ್ರಿಯಾದ ಮೇಲೆ ಮುಖ್ಯ ಕಿಂಡಿಯೊಂದನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಿ. ಫೋಮ್, ಸಿಲಿಕೋನ್, ಪ್ಲಾಸ್ಟಿಕ್ ಜಾಲರಿ, ಸೊಳ್ಳೆ ಮೆಶ್ ಯಾವುದೂ ನಿಲ್ಲುವುದಿಲ್ಲ. ಅಳಿಲಿನ ಮುಂದಿನ ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುತ್ತದೆ, ಕಡಿಯುವುದು ಅದಕ್ಕೆ ನಿತ್ಯದ ಕೆಲಸ. ಕೋಳಿಗೂಡಿನ ಷಟ್ಕೋನ ಜಾಲರಿಯ ತಂತಿ ತೆಳು, ಕಣ್ಣು ದೊಡ್ಡದು, ಅದೂ ಬೇಡ. ಬೇಕಾದದ್ದು ಜಿಐ ವೆಲ್ಡ್ ಮೆಶ್, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿಯನ್ನು ಬೆಸುಗೆ ಹಾಕಿ ಮಾಡಿದ ಜಾಲರಿ: ಕಣ್ಣು ಅರ್ಧ ಇಂಚು, ತಂತಿ 16ರಿಂದ 19 ಗೇಜ್. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ ಎನ್ನುವುದು ನೆನಪಿರಲಿ. ಇಲಿಮರಿಯ ಕಾಟವೂ ಇದ್ದರೆ ಕಾಲಿಂಚಿನ ಕಣ್ಣಿನದ್ದು ತನ್ನಿ. ಜಾಲರಿ ಕಿಂಡಿಯ ಸುತ್ತ ಎಲ್ಲ ಕಡೆಯೂ ಮೂರಿಂಚು ಗಟ್ಟಿ ಜಾಗದ ಮೇಲೆ ಕೂರಬೇಕು. ಕತ್ತರಿಸಿದ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ, ಹಲ್ಲು ಸಿಕ್ಕಿಸಲು ತುದಿ ಸಿಗಬಾರದು. ಅಗಲದ ವಾಷರ್ ಹಾಕಿ ನಾಲ್ಕಿಂಚಿಗೊಂದು ಸ್ಕ್ರೂ ಬಿಗಿಯಿರಿ. ಸ್ಟೇಪಲ್ ಪಿನ್ನು ಒಂದೇ ಎಳೆತಕ್ಕೆ ಕಿತ್ತು ಬರುತ್ತದೆ. ಗೋಡೆಯ ತೂತಾದರೆ ಮೊದಲು ಮೆಶ್ಶನ್ನು ಮಡಚಿ ಒಳಗೆ ಬಿಗಿಯಾಗಿ ತುಂಬಿ, ಅದರ ಮೇಲೆ ಗಾರೆ ಹಾಕಿ. ಮೊದಲೇ ಕಡಿದಿರುವ ಮರದ ಅಂಚಿಗೆ ತೆಳು ಜಿಐ ತಗಡು ಸುತ್ತಿ, ಏಕೆಂದರೆ ಕಡಿದ ಜಾಗವನ್ನೇ ಮತ್ತೆ ಹುಡುಕಿಕೊಂಡು ಬರುತ್ತವೆ. ಗಾಳಿ ಕಿಂಡಿಗೆ ಮಾತ್ರ ತಗಡು, ಹಲಗೆ ಬೇಡ, ಮೆಶ್ಶೇ ಸರಿ. ಗಾಳಿ ಕಟ್ಟಿದರೆ ಅಟ್ಟದಲ್ಲಿ ತೇವ ನಿಂತು ಮರಕ್ಕೆ ಬೂಷ್ಟು ಹಿಡಿಯುತ್ತದೆ.

ಉಳಿದ ಆ ಒಂದು ಕಿಂಡಿಗೆ ಪಿವಿಸಿ ಪೈಪಿನಿಂದ ಹೊರಗೆ ಹೋಗಲು ಮಾತ್ರ ಆಗುವ ದಾರಿ ಮಾಡಿ. ದೊಡ್ಡ ಅಳಿಲಿಗೆ ನಾಲ್ಕಿಂಚಿನದ್ದು, ಚಿಕ್ಕದಕ್ಕೆ ಎರಡೂವರೆ ಇಂಚಿನದ್ದು. ಉದ್ದ ಒಂದೂವರೆಯಿಂದ ಎರಡು ಅಡಿ. ಪೈಪಿನ ಒಳತುದಿ ಕಿಂಡಿಯ ಬಾಯಿಗೆ ಸಮನಾಗಿರಲಿ, ಹೊರತುದಿ ಸುಮಾರು 45 ಡಿಗ್ರಿ ಕೆಳಕ್ಕೆ ಬಾಗಿ ಗಾಳಿಯಲ್ಲಿ ನಿಲ್ಲಲಿ. ಗೋಡೆ, ಕೊಂಬೆ, ಕೇಬಲ್ ಯಾವುದೂ ಆ ತುದಿಗೆ ಎಟುಕಬಾರದು. ಒಳಗಿನಿಂದ ಬಂದದ್ದು ಜಾರಿ ಹೊರಬೀಳುತ್ತದೆ. ಹೊರಗಿನಿಂದ ಹತ್ತಲು ಹೋದರೆ ನುಣುಪಿನ ಪೈಪಿನಲ್ಲಿ ಉಗುರಿಗೆ ಹಿಡಿತ ಸಿಗುವುದಿಲ್ಲ. ಹೊಸ ಪೈಪೇ ಆಗಲಿ, ಗೀರು ಬಿದ್ದ ಹಳೆಯದು ಬೇಡ. ಪೈಪಿಗೂ ಕಿಂಡಿಗೂ ನಡುವಿನ ಜಾಗವನ್ನು ಅದೇ ಮೆಶ್ಶಿನಿಂದ ಪೂರ್ತಿ ಮುಚ್ಚಿ, ಇಲ್ಲಿ ಬೆರಳು ತೂರುವ ಸಂದು ಉಳಿದರೂ ಅದನ್ನೇ ಹಿಗ್ಗಿಸುತ್ತವೆ. ಹೊರತುದಿಗೆ ಒಂದು ಪದರ ಟಿಶ್ಯೂ ಕಾಗದವನ್ನು ಸಡಿಲವಾಗಿ ಟೇಪಿನಿಂದ ಅಂಟಿಸಿ. ಹರಿದಿದ್ದರೆ ಯಾವುದೋ ಹೊರಬಿದ್ದಿದೆ, ಹೊಸದು ಅಂಟಿಸಿ. ಮಳೆ, ಕೊರೆಯುವ ಚಳಿಯ ದಿನಗಳಲ್ಲಿ ಅಳಿಲು ಗೂಡು ಬಿಟ್ಟು ಏಳುವುದಿಲ್ಲ, ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಡಿಮೆಯೆಂದರೆ ಒಂದು ವಾರ ಪೈಪು ಇರಲಿ. ಅದರಲ್ಲಿ ಕೊನೆಯ ಮೂರು ಬಿಸಿಲಿನ ದಿನ ಕಾಗದ ಹರಿಯದೆ, ಸದ್ದೂ ಇಲ್ಲದಿದ್ದರೆ ಪೈಪು ತೆಗೆದು ಅದೇ ದಿನ ಮುಚ್ಚಿ. ಹೊರಬಿದ್ದ ಅಳಿಲು ಒಂದೆರಡು ದಿನ ಸುತ್ತಾಡಿ ಬಿಡುವುದು ಮಾಮೂಲು. ಆದರೆ ಬಿಡದೆ ಪೈಪಿನ ಬುಡವನ್ನೇ ಕಡಿಯುತ್ತಾ ಚಿಕ್‌ಚಿಕ್ ಎಂದು ಕೂಗುತ್ತಿದ್ದರೆ ಒಳಗೆ ಮರಿಗಳಿವೆ ಎಂದು ತಿಳಿದು ಪೈಪನ್ನು ಕೂಡಲೇ ತೆಗೆಯಿರಿ.

ನಾಫ್ತಲಿನ್ ಗುಳಿಗೆಗಳನ್ನು ಇವತ್ತೇ ಆರಿಸಿ ಹೊರಹಾಕಿ, ಅದರ ಆವಿ ಇಳಿದು ಬರುವುದು ನಿಮ್ಮ ಮಲಗುವ ಕೋಣೆಗೆ. ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಅಳಿಲು ಬೇಗ ಒಗ್ಗಿಕೊಳ್ಳುತ್ತದೆ. ವಿಷ ಬೇಡವೇ ಬೇಡ: ಗೋಡೆಯೊಳಗೆ ಸತ್ತರೆ ತೆಗೆಯಲಾಗದು, ಸತ್ತದ್ದನ್ನು ತಿಂದ ಬೆಕ್ಕು, ಗೂಬೆಗೂ ಅಪಾಯ. ಬೋನಿನಲ್ಲಿ ಹಿಡಿದು ದೂರ ಬಿಟ್ಟರೆ ಗೊತ್ತಿಲ್ಲದ ಜಾಗದಲ್ಲಿ ಬದುಕುಳಿಯುವುದು ಕಷ್ಟ, ಕಿಂಡಿ ತೆರೆದೇ ಇದ್ದರೆ ಖಾಲಿಯಾದ ಗೂಡಿಗೆ ಬೇರೊಂದು ಬರುತ್ತದೆ. ಅನುಮತಿಯಿಲ್ಲದೆ ಹಿಡಿಯುವುದು ಎಷ್ಟೋ ಕಡೆ ಅಪರಾಧವೂ ಹೌದು.

ವೈರಿನ ವಿಷಯಕ್ಕೆ ಅಳಿಲು ಹೋಗಲಿ ಎಂದು ಕಾಯಬೇಡಿ. ಅಟ್ಟದ ಸರ್ಕ್ಯೂಟನ್ನು ಎಂಸಿಬಿಯಲ್ಲಿ, ಅಂದರೆ ಮೇನ್ ಬೋರ್ಡಿನ ಸ್ವಿಚ್‌ನಲ್ಲಿ, ಈಗಲೇ ಆಫ್ ಮಾಡಿ (ಗೂಡಿನ ಹತ್ತಿರ ಇಡುವ ದೀಪ, ರೇಡಿಯೊ ಬ್ಯಾಟರಿಯದ್ದೇ ಇರಲಿ), ಎಲೆಕ್ಟ್ರಿಷಿಯನ್ ಬಂದು ಪೂರ್ತಿ ಉದ್ದ ನೋಡುವ ತನಕ ಆನ್ ಮಾಡಬೇಡಿ. ಇನ್ಸುಲೇಷನ್ (ವೈರಿನ ಮೇಲಿನ ಹೊದಿಕೆ) ಹೋದ ಜಾಗ ಸ್ವಲ್ಪವೇ ಇದ್ದರೂ ಪಕ್ಕದಲ್ಲೇ ಒಣ ಗೂಡಿನ ನಾರಿರುತ್ತದೆ, ಕಿಡಿ ಹತ್ತಲು ಅಷ್ಟು ಸಾಕು. ಟೇಪು ಸುತ್ತಿ ಮುಗಿಸಬೇಡಿ, ತುಂಡು ಬದಲಿಸಿ ಕಾಂಡ್ಯೂಟಿನೊಳಗೆ (ವೈರು ಹಾಯಿಸುವ ಪೈಪು) ಹಾಯಿಸಿ. ಕಿಂಡಿಗಳೆಲ್ಲ ಮುಚ್ಚಿದ ಮೇಲೆ ಗೂಡು ತೆಗೆಯುವಾಗ ಎನ್95 ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಹಿಕ್ಕೆಯನ್ನು ಒಣದಾಗಿ ಗುಡಿಸದೆ ಸೋಂಕುನಿವಾರಕ ಬೆರೆಸಿದ ನೀರು ಚಿಮುಕಿಸಿ ಒದ್ದೆ ಮಾಡಿ ಬಾಚಿ ಚೀಲಕ್ಕೆ ಹಾಕಿ. ಗೂಡಿನಲ್ಲಿ ಚಿಗಟ, ನುಸಿ ಇರುತ್ತವೆ. ಗೂಡಿದ್ದ ಜಾಗವನ್ನೂ ಚೆನ್ನಾಗಿ ಒರೆಸಿ.

ಹೊರಗೆ, ಮಾಡಿನಿಂದ ಎಂಟು ಅಡಿಯೊಳಗೆ ಬರುವ ಕೊಂಬೆಗಳನ್ನು ಸವರಿ. ಒಂಟಿ ಮರದಿಂದ ಹತ್ತಿ ಬರುತ್ತಿದ್ದರೆ ನೆಲದಿಂದ ಆರು ಅಡಿ ಮೇಲೆ, ಎರಡು ಅಡಿ ಅಗಲದ ತಗಡನ್ನು ಕಾಂಡಕ್ಕೆ ಸುತ್ತಿ, ಮರ ದಪ್ಪವಾದಂತೆ ಹಿಗ್ಗುವ ಹಾಗೆ ಸ್ಪ್ರಿಂಗ್ ಹಾಕಿ ಜೋಡಿಸಿ. ಮೊಳೆ ಹೊಡೆದು ಬಿಗಿದರೆ ಮರದ ಕತ್ತು ಹಿಸುಕಿದಂತೆ. ವಿದ್ಯುತ್ ತಂತಿಯ ಮೇಲೆ ಓಡಿ ಬರುತ್ತಿದ್ದರೆ ತಂತಿಗೆ ನೀವು ಏನನ್ನೂ ಕಟ್ಟಬೇಡಿ, ವಿದ್ಯುತ್ ಕಂಪನಿಗೆ ಹೇಳಿ.

ನಡುವೆ ಯಾವುದಾದರೂ ಕೋಣೆಗೆ ಇಳಿದರೆ ಅಟ್ಟಿಸಿಕೊಂಡು ಹೋಗಬೇಡಿ. ಒಳಬಾಗಿಲು ಹಾಕಿ, ಫ್ಯಾನ್ ಆರಿಸಿ, ಒಂದೇ ಕಿಟಕಿ ತೆರೆದು ಉಳಿದವಕ್ಕೆ ಪರದೆ ಎಳೆದು ಹೊರಗೆ ಬನ್ನಿ. ಬೆಳಕಿನ ಕಡೆಗೆ ತಾನೇ ಹೋಗುತ್ತದೆ. ಮಹಡಿಯ ಕಿಟಕಿಯಾದರೆ ಒಂದು ಬೆಡ್‌ಶೀಟ್ ಇಳಿಬಿಡಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.

ಮುಖ್ಯ ಕಿಂಡಿಯ ಅಳತೆ, ಅದರ ಸುತ್ತ ಮರವಿದೆಯೋ ಗೋಡೆಯೋ, ಒಂದು ಫೋಟೊ ಇಷ್ಟು ಹಾಕಿ. ಪೈಪಿಗೆ ಯಾವ ಕ್ಲ್ಯಾಂಪ್, ಎಲ್ಲಿ ಸ್ಕ್ರೂ ಎಂದು ನೋಡಿ ಹೇಳುತ್ತೇನೆ.