ಯುದ್ಧದ ಬೋರ್ಡ್ ಗೇಮ್ ಅನ್ನು ವ್ಯಾಸಲ್‌ಗೆ (ಕಂಪ್ಯೂಟರ್‌ನಲ್ಲಿ ಬೋರ್ಡ್ ಗೇಮ್ ಆಡುವ ಸಾಫ್ಟ್‌ವೇರ್) ತರುವಾಗ ಚಿತ್ರಗಳ ರೆಸಲ್ಯೂಷನ್ ಎಷ್ಟಿರಬೇಕು?

ಸ್ಕ್ಯಾನ್ 300 ಡಿಪಿಐನಲ್ಲೇ (ಇಂಚಿಗೆ 300 ಚುಕ್ಕಿ) ಮಾಡಿ, ಆದರೆ ಅದನ್ನೇ ನೇರವಾಗಿ ಮಾಡ್ಯೂಲ್‌ಗೆ, ಅಂದರೆ ವ್ಯಾಸಲ್‌ನ ಆಟದ ಫೈಲ್‌ಗೆ, ಹಾಕಬೇಡಿ. 22 x 34 ಇಂಚಿನ ನಕ್ಷೆ 300 ಡಿಪಿಐನಲ್ಲಿ 6600 x 10200 ಪಿಕ್ಸೆಲ್ ಆಗುತ್ತದೆ. ಜೆಪೆಗ್ ಫೈಲ್ ಎಷ್ಟೇ ಚಿಕ್ಕದಿರಲಿ, ಪೂರ್ತಿ ಬಿಚ್ಚಿದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 270 ಎಂಬಿ ಮೆಮೊರಿ ಬೇಕು. ತುಂಬಾ ಜಾಸ್ತಿ ಅಲ್ವಾ? 150ಕ್ಕೆ ಇಳಿಸಿದರೆ ಅದರ ಕಾಲು ಭಾಗ ಸಾಕು. ಅರ್ಧ ಇಂಚಿನ ಕೌಂಟರ್ (ಸೇನಾ ತುಕಡಿಯನ್ನು ಸೂಚಿಸುವ ಚಿಕ್ಕ ರಟ್ಟಿನ ಬಿಲ್ಲೆ) ಆಗ 75 ಪಿಕ್ಸೆಲ್ ಬರುತ್ತದೆ, ಅಂಕಿಗಳನ್ನು ಆರಾಮಾಗಿ ಓದಬಹುದು.

ಅಚ್ಚಿನ ಚುಕ್ಕಿಗಳಿಂದ ಸ್ಕ್ಯಾನ್‌ನಲ್ಲಿ ಅಲೆ ಅಲೆಯಾದ ಗೆರೆಗಳು ಮೂಡುತ್ತವೆ. ಗಾತ್ರ ಇಳಿಸುವ ಮೊದಲೇ ಡಿಸ್ಕ್ರೀನ್ ಮಾಡಿ, ಅಂದರೆ ಆ ಚುಕ್ಕಿಗಳನ್ನು ಫಿಲ್ಟರ್‌ನಿಂದ ಅಳಿಸಿ. ಕೌಂಟರ್‌ಗಳಿಗೆ ಪಿಎನ್‌ಜಿಯೇ ಇರಲಿ, ಜೆಪೆಗ್‌ನಲ್ಲಿ ಅಕ್ಷರಗಳ ಅಂಚು ಕಲಸಿಹೋಗುತ್ತದೆ. ತಾಳ್ಮೆ ಇದ್ದರೆ ಕೌಂಟರ್‌ಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಹೊಸದಾಗಿ ಬರೆಯಿರಿ. ಯಾವ ಸ್ಕ್ಯಾನ್ ಕೂಡ ಅಷ್ಟು ಸ್ವಚ್ಛವಾಗಿ ಬರುವುದಿಲ್ಲ.