ಹಳೇ ಗೇಮ್‌ಗಳಿಗೆ ಯಾವ ಯುಎಸ್‌ಬಿ ಕಂಟ್ರೋಲರ್ ತಗೊಳ್ಳೋದು?

ಲ್ಯಾಪ್‌ಟಾಪಲ್ಲಿ ಕಾಂಟ್ರಾ, ಮಾರಿಯೋ, ಸ್ಟ್ರೀಟ್ ಫೈಟರ್ 2 ಆಡ್ಬೇಕು, ತಮ್ಮನ ಜೊತೆ ಕೂತು ಇಬ್ರೂ ಆಡೋ ಹಾಗಿರ್ಬೇಕು, ಹಳೇ ಕಾಲದ ಥರ ಇರೋ ಯುಎಸ್‌ಬಿ ಕಂಟ್ರೋಲರ್ ಯಾವುದು ಚೆನ್ನಾಗಿದೆ ಅಂತ ಕೇಳಿದೀರ. ಬ್ರ್ಯಾಂಡು, ಬಣ್ಣ ಎಲ್ಲಾ ಆಮೇಲೆ ನೋಡೋಣ. ಮೊದಲು ಎಡಗೈ ಹೆಬ್ಬೆರಳಿಗೆ ಸಿಗೋ ಆ ಪ್ಲಸ್ ಆಕಾರದ ಬಟನ್, ಅಂದ್ರೆ ಡಿ-ಪ್ಯಾಡ್, ಅದು ಸರಿ ಇದ್ಯಾ ನೋಡಿ. ಅದು ಸರಿ ಇಲ್ಲ ಅಂದ್ರೆ ಮಿಕ್ಕಿದ್ದು ಎಷ್ಟೇ ಚೆನ್ನಾಗಿದ್ರೂ ದುಡ್ಡು ದಂಡ.

ಯಾಕಂದ್ರೆ ಈ ಗೇಮ್‌ಗಳ ಮನೇಲಿ ಆಡೋ ಆವೃತ್ತಿಗಳನ್ನ ಮಾಡಿದ್ದೇ ಡಿ-ಪ್ಯಾಡನ್ನ ತಲೇಲಿ ಇಟ್ಕೊಂಡು. ನಿಂಟೆಂಡೋದಲ್ಲಿದ್ದ ಗುನ್‌ಪೇ ಯೊಕೊಯಿ 1982ರ ಡಾಂಕಿ ಕಾಂಗ್ ಗೇಮ್ ಅಂಡ್ ವಾಚ್ ಅನ್ನೋ ಕೈಲಿ ಹಿಡಿಯೋ ಗೇಮಿಗೆ ಅಂತ ಮಾಡಿದ ಡಿಸೈನ್ ಅದು, ಮುಂದಿನ ವರ್ಷ ಜಪಾನಲ್ಲಿ ಬಂದ ಫ್ಯಾಮಿಕಾಮ್ ಅನ್ನೋ ಟಿವಿ ಗೇಮ್‌ಗೂ ಅದನ್ನೇ ಹಾಕಿದ್ರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆಮನೇಲಿ ಹಳದಿ ಕ್ಯಾಸೆಟ್ ಹಾಕಿ ಆಡ್ತಿದ್ದ ಟಿವಿ ಗೇಮ್‌ಗಳು ಬಹುತೇಕ ಆ ಫ್ಯಾಮಿಕಾಮ್‌ನ ನಕಲುಗಳೇ. ಕಾಂಟ್ರಾದಲ್ಲಿ ಕೆಳಗೆ ಮಾತ್ರ ಒತ್ತಿದ್ರೆ ನಮ್ಮ ಪ್ಲೇಯರ್ ನೆಲಕ್ಕೆ ಮಲಗ್ತಾನೆ, ಗುಂಡು ತಲೆ ಮೇಲೆ ಹೋಗುತ್ತೆ. ಅದೇ ಹೆಬ್ಬೆರಳು ಒಂಚೂರು ಜಾರಿ ಕೆಳಗೆ ಜೊತೆ ಬಲಕ್ಕೂ ಒತ್ತಿದ ಹಾಗಾದ್ರೆ ಮಲಗೋದು ಬಿಟ್ಟು ಓರೆಯಾಗಿ ಗುಂಡು ಹೊಡ್ಕೊಂಡು ಮುಂದಕ್ಕೆ ಓಡ್ತಾನೆ, ಸೀದಾ ಗುಂಡಿಗೇ ಎದೆ ಕೊಡ್ತಾನೆ. ಕಳಪೆ ಪ್ಯಾಡಲ್ಲಿ ನಿಮ್ಮ ಬೆರಳು ಜಾರದೇ ಇದ್ರೂ ಇದೇ ಆಗುತ್ತೆ, ಆಗ ಗೇಮ್ ಕಷ್ಟ ಅನ್ಕೋತೀವಿ, ನಿಜವಾಗಿ ತಪ್ಪು ಪ್ಯಾಡಿಂದು.

ಒಳಗೆ ಏನಿರುತ್ತೆ ಅಂತ ಗೊತ್ತಿದ್ರೆ ಆರಿಸೋದು ಸುಲಭ. ಹಿಂದಿನ ಸ್ಕ್ರೂ ಬಿಚ್ಚಿದ್ರೆ ಒಂದು ರಬ್ಬರ್ ಶೀಟ್ ಕಾಣುತ್ತೆ, ಅದರಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಉಬ್ಬು, ಪ್ರತಿ ಉಬ್ಬಿನ ಅಡೀಲಿ ಕಪ್ಪು ಕಾರ್ಬನ್ ಚುಕ್ಕೆ, ಅದು ಹೋಗಿ ಪಿಸಿಬಿ, ಅಂದ್ರೆ ಸರ್ಕ್ಯೂಟ್ ಬೋರ್ಡ್ ಮೇಲಿನ ಗೆರೆಗಳಿಗೆ ತಾಗಿದಾಗ ಬಟನ್ ಒತ್ತಿದ ಹಾಗೆ. ಒಳ್ಳೇ ಪ್ಯಾಡಲ್ಲಿ ಪ್ಲಸ್‌ನ ನಡುವೆ ಕೆಳಗಡೆ ಒಂದು ಗಟ್ಟಿ ಗುಬುಟು ಇರುತ್ತೆ, ಏತದ ಮರದ ಹಾಗೆ ಒಂದು ಕಡೆ ಅಮುಕಿದ್ರೆ ಎದುರುಗಡೆ ಮೇಲಕ್ಕೆ ಏಳುತ್ತೆ. ಅಗ್ಗದ ಪ್ಯಾಡ್‌ಗಳಲ್ಲಿ ಆ ಗುಬುಟು ತೀರಾ ಗಿಡ್ಡ ಇರುತ್ತೆ ಇಲ್ಲಾ ಇರೋದೇ ಇಲ್ಲ, ಅದಕ್ಕೇ ಎಡ ಬಲ ಎರಡೂ ಒಟ್ಟಿಗೆ ಒತ್ತಿಹೋಗುತ್ತೆ.

ಅಂಗಡೀಲಿ ಬಿಚ್ಚೋಕೆ ಬಿಡಲ್ಲ ನಿಜ, ಆದ್ರೆ ಟೆಸ್ಟ್ ಮಾಡಬಹುದು. ಬೆಂಗಳೂರಿನ ಎಸ್‌ಪಿ ರೋಡಿಗೋ ನ್ಯಾಷನಲ್ ಮಾರ್ಕೆಟ್ಟಿಗೋ ಹೋಗೋದಾದ್ರೆ ಲ್ಯಾಪ್‌ಟಾಪ್ ತಗೊಂಡೇ ಹೋಗಿ, ಪ್ಯಾಡ್ ಚುಚ್ಚಿ, ವಿಂಡೋಸಲ್ಲಿ ರನ್ ತೆಗೆದು ಜಾಯ್ ಡಾಟ್ ಸಿಪಿಎಲ್ (joy.cpl) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಕಂಟ್ರೋಲರ್ ಟೆಸ್ಟ್ ಮಾಡೋ ಕಿಟಕಿ ಬರುತ್ತೆ. ಬಲಕ್ಕೆ ಒತ್ತಿ ಹಿಡ್ಕೊಂಡು ಹೆಬ್ಬೆರಳನ್ನ ಸ್ವಲ್ಪ ಮೇಲೆ ಕೆಳಗೆ ಆಡ್ಸಿ, ಗುರುತು ಬಲಗಡೆ ಮಧ್ಯದಲ್ಲೇ ನಿಂತಿರ್ಬೇಕು, ಅಷ್ಟಕ್ಕೇ ಮೂಲೆಗೆ ಹಾರಿದ್ರೆ ಆ ಪ್ಯಾಡ್ ಬೇಡ. ಆಮೇಲೆ ನಿಧಾನಕ್ಕೆ ಒಂದು ಸುತ್ತು ತಿರುಗ್ಸಿ, ಎಂಟೂ ಜಾಗ ಸಿಗ್ಬೇಕು. ಅಂಗಡಿಯವರು ಬೇಜಾರು ಮಾಡ್ಕೊಂಡ್ರೆ ಪಕ್ಕದ ಅಂಗಡಿಗೆ ಹೋಗಿ, ಅಲ್ಲಿ ಅಂಗಡಿಗಳಿಗೇನು ಬರ.

ಈಗ ಆಕಾರ. ಎರಡೇ ಬಟನ್ ಇರೋ ಆಯತಾಕಾರದ ಎನ್‌ಇಎಸ್ (ಫ್ಯಾಮಿಕಾಮ್‌ಗೆ ಹೊರದೇಶದಲ್ಲಿದ್ದ ಹೆಸರು) ಥರದ್ದು ನೋಡೋಕೆ ಚೆಂದ, ಆದ್ರೆ ಮೂಲೆಗಳು ಅಂಗೈಗೆ ಚುಚ್ಚುತ್ತೆ, ಜೊತೆಗೆ ಸ್ಟ್ರೀಟ್ ಫೈಟರ್‌ಗೆ ಪಂಚಿಗೆ ಮೂರು ಕಿಕ್ಕಿಗೆ ಮೂರು ಅಂತ ಆರು ಬಟನ್ ಬೇಕು, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಬರೀ ಸ್ಟ್ರೀಟ್ ಫೈಟರ್ ಆಡೋರಾಗಿದ್ರೆ ಸೆಗಾ 1993ರಲ್ಲಿ ತಂದ ಆರು ಬಟನ್ ಪ್ಯಾಡಿನ ಥರದ್ದು ತಗೊಳ್ಳಿ ಅಂತಿದ್ದೆ, ಏಟ್‌ಬಿಟ್‌ಡೂ (8BitDo) ಕಂಪನಿಯವರ ಎಂ30 ಆ ಶೈಲೀದೇ, ಆರೂ ಬಟನ್ ಹೆಬ್ಬೆರಳಿಗೇ ಸಿಗುತ್ತೆ. ನಿಮ್ಮದು ಮೂರೂ ಥರದ ಗೇಮ್ ಇರೋದ್ರಿಂದ ಸೂಪರ್ ನಿಂಟೆಂಡೋ ಥರದ್ದೇ ಸರಿ, ಮುಂದೆ ನಾಲ್ಕು, ಭುಜದ ಮೇಲೆ ಎಲ್ ಆರ್ ಎರಡು, ಒಟ್ಟು ಆರು ಆಯ್ತಲ್ಲ. ಬಜೆಟ್ ಇದ್ರೆ ಏಟ್‌ಬಿಟ್‌ಡೂ ಎಸ್‌ಎನ್30 ಪ್ರೋ, ನಾನು ಆಡೋದೂ ಅದರಲ್ಲೇ, ಡಿ-ಪ್ಯಾಡ್ ನನಗೆ ತುಂಬಾ ಇಷ್ಟ. ಇಲ್ಲಾಂದ್ರೆ ಬ್ರ್ಯಾಂಡ್ ಇಲ್ಲದ ಅಗ್ಗದ್ದರಲ್ಲೇ ಮೇಲೆ ಹೇಳಿದ ಟೆಸ್ಟ್ ಪಾಸಾದ ಎರಡನ್ನ ಆರಿಸ್ಕೊಳ್ಳಿ, ಒಂದೇ ಮಾಡಲ್ ಆದ್ರೂ ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟದಾಗಿರುತ್ತೆ, ಅದಕ್ಕೇ ಎರಡನ್ನೂ ಬೇರೆಬೇರೆ ಟೆಸ್ಟ್ ಮಾಡಿ.

ಒಂದು ಸೆಟ್ಟಿಂಗ್ ಮಾತ್ರ ಮರೀಬೇಡಿ. ರೆಟ್ರೋಆರ್ಚ್ ಅನ್ನೋ ಎಮ್ಯುಲೇಟರಲ್ಲಿ, ಅಂದ್ರೆ ಹಳೇ ಗೇಮ್‌ಗಳನ್ನ ಕಂಪ್ಯೂಟರಲ್ಲಿ ಓಡ್ಸೋ ಸಾಫ್ಟ್‌ವೇರಲ್ಲಿ, ಎನ್‌ಇಎಸ್ ಗೇಮ್ ಹಾಕಿದ್ರೆ ಓಡೋದು ಕೆಳಗಿನ ಬಟನ್‌ಗೆ, ನೆಗೆಯೋದು ಬಲಗಡೆ ಬಟನ್‌ಗೆ ಹೋಗಿರುತ್ತೆ. ಮಾರಿಯೋದಲ್ಲಿ ಓಡೋ ಬಟನ್ ಹಿಡ್ಕೊಂಡೇ ನೆಗೀಬೇಕಾಗಿರೋದ್ರಿಂದ ಹೆಬ್ಬೆರಳು ವಕ್ರವಾಗಿ ಬಗ್ಗಿ ನೋವು ಬರುತ್ತೆ. ಓಡೋದನ್ನ ಎಡಗಡೆ ಬಟನ್‌ಗೂ ನೆಗೆಯೋದನ್ನ ಕೆಳಗಿನದಕ್ಕೂ ಬದಲಾಯ್ಸಿ, ಹೆಬ್ಬೆರಳನ್ನ ಎರಡರ ಮೇಲೂ ಅಡ್ಡ ಇಟ್ಕೊಂಡು ತುದೀಲಿ ಓಡಿ, ಗೆಣ್ಣಲ್ಲಿ ನೆಗೀಬಹುದು.

ವೈರ್ ಇರೋದೇ ತಗೊಳ್ಳಿ ಅಂತೀನಿ ನಾನು, ಎಸ್‌ಎನ್30 ಪ್ರೋ ಆದ್ರೂ ಕೇಬಲ್ ಹಾಕ್ಕೊಂಡೇ ಆಡಿ. ಈ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್ ಓಡುತ್ತೆ, ಒಂದು ಫ್ರೇಮ್ ಅಂದ್ರೆ 17 ಮಿಲಿಸೆಕೆಂಡೂ ಇಲ್ಲ, ಬ್ಲೂಟೂತ್ ಅಲ್ಲಲ್ಲಿ ತಡ ಮಾಡಿದ್ರೆ ಮಾರಿಯೋ ಹಳ್ಳಕ್ಕೆ. ಟಿವಿಗೆ ಹಾಕಿ ಆಡೋದಾದ್ರೆ ಟಿವೀಲಿ ಗೇಮ್ ಮೋಡ್ ಆನ್ ಮಾಡಿ, ಎಷ್ಟೋ ಸಲ ಕಂಟ್ರೋಲರ್‌ಗಿಂತ ಜಾಸ್ತಿ ತಡ ಮಾಡೋದು ಟಿವಿ.

ವಿಂಡೋಸ್ ಪ್ಯಾಡನ್ನ ಗುರುತಿಸೋಕೆ ಎರಡು ವಿಧಾನ ಇದೆ, ಅಗ್ಗದ ಪ್ಯಾಡ್‌ಗಳು ಸಾಮಾನ್ಯವಾಗಿ ಹಳೇ ಡೈರೆಕ್ಟ್‌ಇನ್‌ಪುಟ್ ಥರದ್ದು, ಎಮ್ಯುಲೇಟರ್‌ಗೆ ತೊಂದರೆ ಇಲ್ಲ, ಹೊಸ ಗೇಮ್‌ಗಳು ಎಕ್ಸ್‌ಇನ್‌ಪುಟ್ ಕೇಳುತ್ತೆ, ಆಗ ಗೇಮ್ ಕೊಳ್ಳೋ ಸ್ಟೀಮ್ ಆಪ್‌ನ ಕಂಟ್ರೋಲರ್ ಸೆಟ್ಟಿಂಗಲ್ಲಿ ಸರಿ ಮಾಡ್ಕೋಬಹುದು. ಒಂದೇ ಥರದ ಎರಡು ಪ್ಯಾಡ್ ಹಾಕಿದಾಗ ಕಿತ್ತು ಮತ್ತೆ ಚುಚ್ಚಿದ್ರೆ ಪ್ಲೇಯರ್ ಒಂದು ಎರಡು ಅದಲುಬದಲು ಆಗಬಹುದು, ಯಾವ ಪ್ಯಾಡ್ ಯಾವ ಪೋರ್ಟಿಗೆ ಅಂತ ಒಂದು ಸ್ಟಿಕರ್ ಅಂಟಿಸಿಡಿ.

ತಮ್ಮನ ಜೊತೆ ಕಾಂಟ್ರಾ ಶುರು ಮಾಡುವಾಗ ಟೈಟಲ್ ಸ್ಕ್ರೀನಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿ, ಇಬ್ರು ಆಡೋದ್ರಿಂದ ಸ್ಟಾರ್ಟ್‌ಗೆ ಮುಂಚೆ ಸೆಲೆಕ್ಟ್ ಒಂದು ಸಲ, 30 ಲೈಫ್ ಸಿಗುತ್ತೆ. ಬಟನ್ ಬದಲಾಯಿಸಿದ್ಮೇಲೆ ಬಿ ಅಂದ್ರೆ ಎಡಗಡೆದು, ಎ ಅಂದ್ರೆ ಕೆಳಗಿನದು ಅನ್ನೋದು ನೆನಪಿರ್ಲಿ.