ಸಾವಿರಾರು ಫೋಟೋ ಜೋಡಿಸಿಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಫೋನು, ಹಳೇ ಕ್ಯಾಮೆರಾ, ವಾಟ್ಸಾಪ್ ಎಲ್ಲದರ ಫೋಟೋಗಳೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ಕಲಸಿಹೋಗಿವೆ, ಏನು ಬಳಸಲಿ ಎಂದು ಕೇಳಿದ್ದೀರಿ. ನಾನು ಬಳಸುವುದು ಡಿಜಿಕ್ಯಾಮ್. ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಸುಮ್ನೆ ಬೇಗಬೇಗ ನೋಡಿ ಬೇಡದ್ದನ್ನು ಅಳಿಸುವುದಷ್ಟೇ ಕೆಲಸವಾದರೆ ಎಕ್ಸ್‌ಎನ್‌ವ್ಯೂ ಎಂಪಿ ಸಾಕು, ಮನೆ ಬಳಕೆಗೆ ಅದಕ್ಕೂ ದುಡ್ಡಿಲ್ಲ. ಇರ್ಫಾನ್‌ವ್ಯೂ ಇನ್ನೂ ಹಗುರ, ಆದರೆ ವಿಂಡೋಸ್‌ಗೆ ಮಾತ್ರ.

ಯಾವುದನ್ನೇ ಹಾಕಿಕೊಳ್ಳಿ, ನೀವು ಕೊಡುವ ಟ್ಯಾಗು (ಯಾರು, ಎಲ್ಲಿ ಅನ್ನುವಂಥ ಗುರುತಿನ ಪದ), ಸ್ಟಾರು (ರೇಟಿಂಗು) ಎಲ್ಲಿ ಉಳಿಯುತ್ತವೆ ಅಂತ ಮೊದಲು ನೋಡಿ. ಫೋಟೋ ಜೋಡಿಸುವ ಹಳೇ ಸಾಫ್ಟ್‌ವೇರ್ ಪಿಕಾಸಾ ನೆನಪಿದೆ ಅಲ್ವಾ? 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಅದರಲ್ಲಿ ಹಾಕಿದ ಸ್ಟಾರ್ ಫೋಟೋದೊಳಗೆ ಹೋಗುತ್ತಿರಲಿಲ್ಲ, ಆ ಫೋಲ್ಡರಿನಲ್ಲೇ ಅಡಗಿರುವ ಇನ್ನೊಂದು ಫೈಲಿನಲ್ಲಿ ಕೂತಿರುತ್ತಿತ್ತು. ಫೋಟೋ ಒಂದನ್ನೇ ಬೇರೆ ಕಡೆ ಕಾಪಿ ಮಾಡಿದರೆ ಸ್ಟಾರ್ ಮಾಯ. ಈಗಿನ ಹಲವು ಸಾಫ್ಟ್‌ವೇರ್‌ಗಳೂ ಇವನ್ನೆಲ್ಲ ಫೋಟೋದ ಹೊರಗೆ ತಮ್ಮದೇ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತವೆ. ಡಿಜಿಕ್ಯಾಮ್‌ನ ಸೆಟ್ಟಿಂಗ್ಸ್‌ನಲ್ಲಿ ಮೆಟಾಡೇಟಾ (ಫೋಟೋ ಬಗೆಗಿನ ಮಾಹಿತಿ) ಅನ್ನುವ ಕಡೆ ಟ್ಯಾಗು, ರೇಟಿಂಗು, ಬರಹಗಳನ್ನು ಫೈಲಿಗೇ ಬರೆಯುವ ಆಯ್ಕೆಗಳಿವೆ, ಅವುಗಳಿಗೆ ಟಿಕ್ ಹಾಕಿ. ಆಮೇಲೆ ಒಂದೇ ಒಂದು ಫೋಟೋಗೆ ಟ್ಯಾಗ್ ಕೊಟ್ಟು, ಬೇರೆ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ಅಲ್ಲೂ ಕಂಡರೆ ಧೈರ್ಯವಾಗಿ ಮುಂದುವರಿಯಿರಿ. ರಾ ಫೈಲುಗಳಾದರೆ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲು) ಟ್ಯಾಗು, ರೇಟಿಂಗುಗಳನ್ನು ಬರೆದಿಟ್ಟ ಒಂದು ಎಕ್ಸ್‌ಎಂಪಿ ಫೈಲನ್ನು ಪಕ್ಕದಲ್ಲೇ ಇಡುವುದು ವಾಡಿಕೆ. ಫೋಟೋ ಎಲ್ಲಿಗೆ ಹೋದರೂ ಅದನ್ನೂ ಜೊತೆಗೆ ಒಯ್ಯಬೇಕು.

ನಿಜವಾದ ತಲೆನೋವು ತಾರೀಕಿನದು. ಫೈಲ್ ಮ್ಯಾನೇಜರ್ ತೋರಿಸುವ ತಾರೀಕು ಕಾಪಿ ಮಾಡುವಾಗ, ಎಡಿಟ್ ಮಾಡುವಾಗ ಬದಲಾಗಿಬಿಡಬಹುದು. ಫೋಟೋ ತೆಗೆದ ಹೊತ್ತು ಫೈಲಿನೊಳಗೆ ಕ್ಯಾಮೆರಾ ತಾನೇ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿರುತ್ತದೆ, ವಿಂಗಡಣೆಯನ್ನು ಅದರ ಮೇಲೆಯೇ ಮಾಡಿ. ಕ್ಯಾಮೆರಾದ ಗಡಿಯಾರ ತಪ್ಪಾಗಿತ್ತಾ? ಆ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ, ಇಷ್ಟು ಗಂಟೆ ಹಿಂದೆ ಅಥವಾ ಮುಂದೆ ಅಂತ ಒಂದೇ ಸಲ ಸರಿಪಡಿಸಬಹುದು. ವಾಟ್ಸಾಪಿನಲ್ಲಿ (ಡಾಕ್ಯುಮೆಂಟ್ ಅಂತ ಅಲ್ಲದೆ) ಫೋಟೋ ಅಂತಲೇ ಕಳಿಸಿದ್ದರಲ್ಲಿ ಎಕ್ಸಿಫ್ ಉಳಿಯುವುದಿಲ್ಲ. ಆಂಡ್ರಾಯ್ಡ್ ಫೋನಿನದಾದರೆ ಫೈಲಿನ ಹೆಸರಿನಲ್ಲಿ 20230514 ಎನ್ನುವ ಥರ ಅಂಕಿ ಕಾಣುತ್ತದೆ, ಆದರೆ ಅದು ಕಳಿಸಿದ ಅಥವಾ ಬಂದ ದಿನ, ತೆಗೆದ ದಿನ ಅಲ್ಲ. ಇವನ್ನು ಬೇರೆ ಫೋಲ್ಡರಿನಲ್ಲೇ ಬಿಡುವುದು ಮೇಲು.

ಫೋಲ್ಡರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವರ್ಷ, ತಿಂಗಳು, ಒಂದೆರಡು ಪದ, ಅಷ್ಟೇ. ಹೆಸರು 2023-05 ಅಂತ ಶುರುವಾದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ. ಯಾರು, ಎಲ್ಲಿ, ಏನು ಅನ್ನುವುದಕ್ಕೆಲ್ಲ ಟ್ಯಾಗ್ ಇದೆ. ಡಿಜಿಕ್ಯಾಮ್ ಮುಖಗಳನ್ನೂ ಗುರುತಿಸುತ್ತದೆ, ಅದೂ ನಿಮ್ಮ ಕಂಪ್ಯೂಟರಿನಲ್ಲೇ, ಫೋಟೋ ಎಲ್ಲಿಗೂ ಅಪ್‌ಲೋಡ್ ಆಗದೆ. ಮೊದಮೊದಲು ಅವರಿವರನ್ನು ಅದಲುಬದಲು ಮಾಡುತ್ತದೆ, ತಿದ್ದಬೇಕು.

ಕೈ ಹಚ್ಚುವ ಮೊದಲು ಇಡೀ ಡಿಸ್ಕಿನ ಒಂದು ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ. ಡೂಪ್ಲಿಕೇಟ್ ಹುಡುಕುವ ಸೌಲಭ್ಯ ಕೊನೆಗೆ ಬಳಸಿ, ಆದರೆ ಅದು ತೋರಿಸಿದ್ದನ್ನೆಲ್ಲ ಕಣ್ಮುಚ್ಚಿ ಅಳಿಸಬೇಡಿ. ವಾಟ್ಸಾಪ್ ಕುಗ್ಗಿಸಿದ ಪ್ರತಿಯೂ ಮೂಲ ಫೋಟೋವೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಪಿಕ್ಸೆಲ್ ಅಳತೆ ನೋಡಿ, ದೊಡ್ಡದನ್ನು ಉಳಿಸಿಕೊಳ್ಳಿ.